ಮುಡುಮಾಲದ ನಿಲುವುಗಲ್ಲುಗಳು

ಸಂಘದವರು ಒಟ್ಟಾಗಿ ಹೊರಟರೆಂದರೆ ಅದು ನಾಟಕಕ್ಕೋ ವನಭೋಜನಕ್ಕೋ ಇರಬೇಕೆಂದು ವಾಚಕರು ಎಣಿಸುವುದು ಸಹಜ. 2025ರ ದಶಂಬರ 21ರ ಭಾನುವಾರ ನಾವು ಹೊರಟುದು ಸತ್ತವರ ನೆಲವನ್ನು ನೋಡಲು. ಮನೆಯಲ್ಲಿ ಹಾಗೆಂದು ಹೇಳುವ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ. ಕೃಷ್ಣಾಸ್ನಾನಕ್ಕೆಂದು ಹೇಳಿ ಬಂದವರೇ ಹೆಚ್ಚು.

ನಾರಾಯಣಪೇಟೆಯವರಾದ ನಾವು ಮಖ್ತಲಿನಲ್ಲಿ ಚಹ ಕುಡಿಯುತ್ತ ಕಾದಿದ್ದೆವು. ಗದ್ವಾಲದ ಗೆಳೆಯರು ಜುರಾಲಾ ಅಣೆಕಟ್ಟಿನ ಮೇಲಿಂದ ಹೊಳೆ ದಾಟಿ ಬಂದು ಕೂಡಿಕೊಳ್ಳುವ ಹೊತ್ತಿಗೆ ಬಿಸಿಲು ಏರಿತ್ತು. ಮುಡುಮಾಲ ಊರು ಕೃಷ್ಣಾ ಮಂಡಲದಲ್ಲಿ, ಹೊಳೆಯ ದಂಡೆಗೆ ಇದೆ. ಹೊಳೆಯ ಆಚೆ ದಡವೇ ರಾಯಚೂರು ಸೀಮೆ. ನಮಗೆ ದಾರಿ ತೋರಿಸಲು ಒಪ್ಪಿದ್ದವನು ಅಲ್ಲಿಯ ಕಾಲೇಜು ಹುಡುಗ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಕಲಿತವನು; ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಾನೆ. ನಮ್ಮನ್ನು ಕಂಡೊಡನೆ ಆತ ಅಂದುದು: "ಬೆಳಿಗ್ಗೆ ಸೂರ್ಯ ಏಳೂದರಾಗ ಬರಬೇಕಿತ್ತು ರೀ. ವರ್ಷದಾಗ ಇಂಥ ದಿವಸ ಮತ್ತ ಸಿಗಾಂಗಿಲ್ಲ." ಚಹದ ಮಾತನ್ನು ನಾವು ಎತ್ತಲಿಲ್ಲ.

ಕಲ್ಲುಗಳು ಮೊದಲು ದೂರದಿಂದ ಕಂಡವು. ಹೊಲದಲ್ಲಿ ಆಳುಗಳು ಕೆಲಸ ಬಿಟ್ಟು ಎದ್ದು ನಿಂತು ನಮ್ಮತ್ತ ನೋಡುತ್ತಿರುವರೋ ಎಂಬಂತೆ ಇದ್ದಿತು. ಹತ್ತಿರ ಹೋದಂತೆ ಆಳಿನ ಎತ್ತರವನ್ನು ಮೀರಿ ಬೆಳೆದವು. ಹತ್ತರಿಂದ ಹದಿನಾಲ್ಕು ಅಡಿ ಎತ್ತರದ ಇಂಥ ಕಲ್ಲುಗಳು ಸುಮಾರು 80 ಇವೆ. ಅವುಗಳ ಸುತ್ತ ಸಾಲುಸಾಲಾಗಿ ಇಟ್ಟ ಸಣ್ಣ ಕಲ್ಲುಗಳು ಸುಮಾರು 3000. ಯಾವುದಕ್ಕೂ ಉಳಿಯ ನಯವಿಲ್ಲ, ಅಕ್ಷರವಿಲ್ಲ, ಮೂರ್ತಿಯಿಲ್ಲ. 3500 ವರ್ಷಗಳಿಗೂ ಹಿಂದೆ, ತಮ್ಮವರು ಸತ್ತಾಗ ಅವರ ನೆನಪಿಗೆ ಜನ ನಿಲ್ಲಿಸಿದವು ಇವು ಎಂದು ವಿದ್ವಾಂಸರ ಎಣಿಕೆ. ಹೈದರಾಬಾದು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಕೆ. ಪಿ. ರಾವ್ ಅವರು ಇಲ್ಲಿ ಬಹುಕಾಲ ಅಳತೆ ಮಾಡಿ, ಉತ್ತರಾಯಣ ದಕ್ಷಿಣಾಯನಗಳ ಸಂಧಿದಿನಗಳಲ್ಲಿ ಕೆಲವು ಸಾಲುಗಳು ಸೂರ್ಯನ ಉದಯಾಸ್ತಗಳಿಗೆ ಸರಿಯಾಗಿ ನೇರವಾಗುತ್ತವೆಂದು ತೋರಿಸಿದ್ದಾರೆ. ಒಂದು ಕಲ್ಲಿನ ಮೇಲೆ ಬಟ್ಟಲಿನಂಥ ಸಣ್ಣ ಕುಳಿಗಳಿವೆ. ಹುಡುಗ ಅವುಗಳಲ್ಲಿ ಬೆರಳಿಟ್ಟು ಏಳನ್ನು ಎಣಿಸಿದನು. ಸಪ್ತರ್ಷಿ ಮಂಡಲ! ಸತ್ತವರನ್ನು ನೆಲಕ್ಕೆ ಒಪ್ಪಿಸಿದ ಜನ ಆಕಾಶವನ್ನು ಇಷ್ಟು ಕಣ್ಣಿಟ್ಟು ನೋಡಿದ್ದರೆಂಬುದು ನಮಗೆ ಹೊಸದು. ನಮ್ಮಲ್ಲಿ ಸಪ್ತರ್ಷಿಗಳನ್ನು ರಾತ್ರಿ ಗುರುತಿಸಬಲ್ಲವರು ಇಬ್ಬರೇ.

ಈ ಸೀಮೆಯಲ್ಲಿ ಇಂಥ ನೆಲ ಇದೊಂದೇ ಅಲ್ಲ. ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 1850ರ ಸುಮಾರಿಗೇ ಜೇವರ್ಗಿಯ ಕಲ್ಗುಪ್ಪೆಗಳನ್ನು ಅಗೆಸಿ, ರಾಜನ ಕೋಳೂರಿನ ಕಲ್ಮನೆಗಳನ್ನು ಅಳೆದು ಬರೆದನು. ಅವನ್ನು ಊರವರು ಮೋರಿಯರ ಮನೆಗಳೆನ್ನುವರು. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನಲ್ಲಂತೂ ಒಂದು ಗುಡ್ಡವೇ ಮೋರ್ಯರದು. ದಕ್ಷಿಣ ಹೈದರಾಬಾದಿನ ಕಲ್ಸಾಲುಗಳನ್ನು ಕುರಿತು ಆಲ್ಚಿನ್ ಎಂಬ ಪಂಡಿತನು ಲೇಖನ ಬರೆದುದು 1956ರಲ್ಲಿ. ಆ ವರ್ಷವೇ ದಕ್ಷಿಣ ಹೈದರಾಬಾದೆಂಬುದು ಹಂಚಿಹೋಯಿತೆಂಬುದು ಬೇರೆ ಮಾತು. ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು ಮಹಬೂಬನಗರಕ್ಕೆ ಸೇರಿದವು. ರಾಯಚೂರು ಮೈಸೂರಿಗೆ ಹೋಯಿತು. ಮುಡುಮಾಲದ ಕಲ್ಲುಗಳು ನಿಜಾಮನ ರಾಜ್ಯದಿಂದ ಆಂಧ್ರಪ್ರದೇಶಕ್ಕೆ, 2014ರಲ್ಲಿ ತೆಲಂಗಾಣಕ್ಕೆ, 2019ರಲ್ಲಿ ನಾರಾಯಣಪೇಟೆ ಜಿಲ್ಲೆಗೆ ಬಂದವು, ಒಂದಂಗುಲವೂ ಕದಲದೆ. 2025ರ ಮಾರ್ಚಿಯಲ್ಲಿ ಯುನೆಸ್ಕೋ ಸಂಸ್ಥೆಯ ಸಂಭಾವ್ಯ ಪಟ್ಟಿಯನ್ನೂ ಸೇರಿದವು. ಗದ್ವಾಲದ ಗೆಳೆಯರು ಇವು ಕನ್ನಡಿಗರವೋ ತೆಲುಗರವೋ ಎಂಬ ಚರ್ಚೆ ತೆಗೆದರು. ಆ ಎರಡು ಭಾಷೆಗಳಲ್ಲಿ ಒಂದಕ್ಕೂ ಇನ್ನೂ ಅಕ್ಷರವಿಲ್ಲದಿದ್ದ ಕಾಲದ ಕಲ್ಲುಗಳ ಮುಂದೆ ಆ ಚರ್ಚೆ ಬಹಳ ಹೊತ್ತು ನಿಲ್ಲಲಿಲ್ಲ.

ಒಂದು ಕಡೆ ಸಾಲು ತುಂಡಾಗಿದೆ. ಕಲ್ಲುಗಳನ್ನು ಕಿತ್ತು ಹೊಲ ಹಸನು ಮಾಡಿದ್ದಾರೆ. ಇಂಥವನ್ನು ಕೀಳಲು ಮನಸ್ಸಾದರೂ ಹೇಗೆ ಬರುವುದೆಂದು ನಾವು ಸಿಟ್ಟಿನಿಂದಲೇ ಕೇಳಿದೆವು.

"ಹೊಲ ಅವರದು ರೀ. ಎತ್ತು ತಿರುಗಬೇಕಲ್ಲ," ಎಂದನು ಹುಡುಗ. ಸ್ವಲ್ಪ ಹೊತ್ತು ಬಿಟ್ಟು, ಕುಚೋದ್ಯವೇನೂ ಇಲ್ಲದೆ, "ನಿಮ್ಮ ಹಿರಿಯರ ಸಮಾಧಿ ಎಲ್ಲ್ಯಾವ್ರೀ?" ಎಂದು ಕೇಳಿದನು.

ನಮಗೆ ಉತ್ತರ ಬರಲಿಲ್ಲ. ನಮ್ಮ ತಂದೆಯ ತಾಯಿ 1964ರಲ್ಲಿ ಲಿಂಗೈಕ್ಯಳಾದಾಗ ನಾವು ಎಂಟು ವರ್ಷದವರು. ನಮ್ಮ ಪದ್ಧತಿಯಂತೆ ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿಯ ಗಟ್ಟಿಗಳನ್ನು ಇಳಿಸಿ, ಮಖ್ತಲಿನ ನಮ್ಮ ಹೊಲದಲ್ಲೇ ಸಮಾಧಿ ಮಾಡಿದರು. ಆ ದಿನ ಬಿಲ್ವಪತ್ರೆಯ ಬುಟ್ಟಿಯನ್ನು ಹಿಡಿದು ನಿಂತವರು ನಾವು. ತಂದೆಯವರು ಅಕ್ಷರ ಕೊರೆಸಿ ಒಂದು ಚಪ್ಪಡಿಯನ್ನು ನಿಲ್ಲಿಸಿದ್ದರು. 1996ರಲ್ಲಿ ಮಗಳ ಮದುವೆಯ ಸಾಲಕ್ಕೆ ಹೊಲವನ್ನು ಮಾರಿದೆವು. ಸಮಾಧಿಯ ಸುತ್ತ ನಾಲ್ಕು ಗಜ ನೆಲ ಬಿಡಬೇಕೆಂದು ಕ್ರಯಪತ್ರದಲ್ಲಿ ಬರೆಸಬಹುದಿತ್ತು. ಬರೆಸಲಿಲ್ಲ. ಕೊಂಡವರು ಬೆಲೆ ಇಳಿಸಿಯಾರೆಂಬ ಭಯ. ಅಂದಿನಿಂದ ಆ ದಾರಿಯನ್ನೇ ತುಳಿದಿರಲಿಲ್ಲ. ಶ್ರೀಶೈಲದ ಅಣೆಕಟ್ಟಿನ ನೀರು ಏರಿದಾಗ ಕೂಡವೆಲ್ಲಿಯ ಸಂಗಮೇಶ್ವರನ ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ತಂದು ಆಲಂಪುರದಲ್ಲಿ ಕಟ್ಟಿದರು. ಹೊಳೆಯ ದಂಡೆಯಲ್ಲಿ ಹೂತವರನ್ನು ಯಾರು ತಂದಾರು ಎಂದು ನಾವು ಸಂಘದ ಸಭೆಯಲ್ಲಿ ಒಮ್ಮೆ ಭಾಷಣ ಮಾಡಿದ್ದುಂಟು. ಚಪ್ಪಾಳೆಯೂ ಬಿದ್ದಿತ್ತು.

ಮರಳುವಾಗ ಮಖ್ತಲಿನಲ್ಲಿ ಇಳಿದೆವು. ಬೇರೆ ಕೆಲಸವಿದ್ದ ಹುಡುಗನೂ ನಮ್ಮ ಜತೆಗೇ ಇದ್ದನು. ಹೊಲವೆಲ್ಲ ಹತ್ತಿ. ನಮ್ಮ ಗುರುತಿನ ಬೇವಿನ ಮರ ಒಂದು ಉಳಿದಿತ್ತು. ಸಮಾಧಿ ಅದರಿಂದ ಎಡಕ್ಕೋ ಬಲಕ್ಕೋ, ಎಷ್ಟು ಹೆಜ್ಜೆಯೋ, ನೆನಪು ಕೈಗೊಡಲಿಲ್ಲ. ಹೊಲದ ಈಗಿನ ಯಜಮಾನ ಸಜ್ಜನ. ವಿಷಯ ತಿಳಿದು, ಬೋರಿನ ಬಳಿ ಬಟ್ಟೆ ಒಗೆಯುವ ಕಲ್ಲನ್ನು ತೋರಿಸಿ ಹೇಳಿದನು: "ಹೊಲ ಸಮ ಮಾಡಿಸುವಾಗ ಇದು ಬಿದ್ದಿತ್ತು ರೀ. ಯಾರದೋ ಏನೋ ಅಂತ ಇಲ್ಲಿ ತಂದು ಹಾಕೀವಿ. ತಪ್ಪು ತಿಳೀಬ್ಯಾಡ್ರಿ."

ತಪ್ಪು ಅವನದಾಗಿರಲಿಲ್ಲ. ಕಲ್ಲನ್ನು ತಿರುವಿ ಹಾಕಿದೆವು. ಸಾಬೂನು ತಿಂದು ಅಕ್ಷರಗಳು ಸವೆದಿದ್ದವು. ನಾವು ಕನ್ನಡಕ ಹುಡುಕುವಷ್ಟರಲ್ಲಿ, ತೆಲುಗು ಓದಿದ ಆ ಹುಡುಗನು ಕನ್ನಡದ ಅಕ್ಷರಗಳ ಮೇಲೆ ಬೆರಳಾಡಿಸಿ, ತಡೆತಡೆದು, ಅಜ್ಜಿಯ ಹೆಸರನ್ನು ಗಟ್ಟಿಯಾಗಿ ಓದಿದನು. ಅರವತ್ತು ವರ್ಷಗಳಿಂದ ಆ ಹೆಸರನ್ನು ಬೇರೆಯವರ ಬಾಯಲ್ಲಿ ನಾವು ಕೇಳಿರಲಿಲ್ಲ.

"ಕಲ್ಲು ಒಯ್ತೀರಿ?" ಎಂದನು ಯಜಮಾನ.

ಎಲ್ಲಿಗೆ ಒಯ್ಯುವುದು? ನಾರಾಯಣಪೇಟೆಯ ಬಾಡಿಗೆ ಮನೆಗೆ? ಬೇವಿನ ಬುಡದಲ್ಲಿ ಉಳುಮೆ ಆಗುವುದಿಲ್ಲವೆಂದು ಆತನೇ ಹೇಳಿದನು, ಗುದ್ದಲಿಯನ್ನೂ ತಂದನು. ಗದ್ವಾಲದ ಗೆಳೆಯರು ಇಬ್ಬರು, ಯಜಮಾನ, ನಾವು ಸೇರಿ ಮೊಳಕಾಲುದ್ದ ಕುಣಿ ತೋಡಿ ಚಪ್ಪಡಿಯನ್ನು ಎತ್ತಿ ನಿಲ್ಲಿಸಿದೆವು. ಹೊತ್ತು ಮುಳುಗುತ್ತ ಬಂದಿತ್ತು. ಹುಡುಗ ಹತ್ತು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, "ಒಂಚೂರು ಎಡಕ್ಕ ತಿರುಗಿಸ್ರಿ," ಎಂದನು. ತಿರುಗಿಸಿದೆವು.