24 ಲೀಟರಿನ ಚೀಲ

ಪಯಣಿಗನ ನಿಜವಾದ ಅಗತ್ಯವು ತಿಳಿಯುವುದು ಚೀಲದ ಬಾಯಿ ಮುಚ್ಚದಿದ್ದಾಗಲೇ. ಧಾರವಾಡದ ತಾಯಿಯೊಬ್ಬರು ಡಬ್ಲಿನ್ನಿನಲ್ಲಿ ನೆಲೆಸಿರುವ ಮಗಳೊಡನೆ ಮೂರು ದಿನಗಳ ಮಟ್ಟಿಗೆ ರೋಮ್ ನಗರಕ್ಕೆ ಹೊರಟಿದ್ದರು. ರಯಾನೇರ್ ವಿಮಾನದಲ್ಲಿ ಹೆಚ್ಚಿನ ಹಣ ತೆರದೆ ಒಯ್ಯಬಹುದಾದುದು 40×30×20 ಸೆಂಟಿಮೀಟರಿನ ಒಂದೇ ಚೀಲ. ಅಂದರೆ 24 ಲೀಟರಿನಷ್ಟು ಎಡೆ. ಅದು ಮುಂದಿನ ಆಸನದ ಕೆಳಗೆ ಹಿಡಿಯಬೇಕು. ಗಾಲಿ, ಹಿಡಿಕೆಗಳೂ ಅಳತೆಗೆ ಸೇರುತ್ತವೆ. ಆದುದರಿಂದ ಮಗಳು ಗಾಲಿಯಿಲ್ಲದ ಮೆತ್ತನೆಯ ಬೆನ್ನುಚೀಲಗಳನ್ನೇ ಆರಿಸಿ, ಬಟ್ಟೆಗಳನ್ನು ಸುರುಳಿ ಸುತ್ತಿ ಒತ್ತಾಗಿ ಜೋಡಿಸಿದಳು.

ಆದರೂ ತಾಯಿಯ ಚೀಲವು ಉಬ್ಬಿತು. ಒಳಗೆ ಹೆಚ್ಚಿನ ಎರಡು ಸೀರೆಗಳು, ಚಟ್ನಿಪುಡಿಯ ಡಬ್ಬಿ, ತೀರಿಕೊಂಡ ಯಜಮಾನರ ಉಣ್ಣೆಯ ಶಾಲು.

"ಯವ್ವಾ, ಶಾಲು ಇಲ್ಲೇ ಇರಲಿ. ಮೂರ ದಿನದಾಗ ತಿರುಗಿ ಬರ್ತೀವಲ್ಲ" ಎಂದಳು ಮಗಳು.

ತಾಯಿ ಮರುಮಾತನಾಡಲಿಲ್ಲ. ಸೀರೆಗಳನ್ನೂ ಡಬ್ಬಿಯನ್ನೂ ಹೊರತೆಗೆದಿಟ್ಟು, ಶಾಲನ್ನು ಹೊದ್ದುಕೊಂಡರು. ಮೈಮೇಲಿನ ಬಟ್ಟೆಯನ್ನು ಯಾರೂ ಅಳೆಯುವುದಿಲ್ಲ. ಚೀಲದ ಬಾಯಿ ಸರಾಗವಾಗಿ ಮುಚ್ಚಿತು. ಮಗಳು ಅಳತೆಪಟ್ಟಿಯನ್ನು ಮಡಚಿಟ್ಟು, ತಾಯಿಯ ಹೆಗಲಿನಿಂದ ಜಾರುತ್ತಿದ್ದ ಶಾಲಿನ ಅಂಚನ್ನು ಸರಿಪಡಿಸಿದಳು.

ಹೊರೆಯನ್ನು ಇಳಿಸಿಕೊಳ್ಳಲು ಹೊರಟವರಿಗೆ ಮೊದಲು ಬೇಕಾದುದು, ತಮಗೆ ಪ್ರಿಯವಾದುದು ಯಾವುದೆಂಬ ಅರಿವು.