ಚೆಂದದ ಹುಂಜ ಬಿತ್ತನೆಗೆ

ನಾಟಿ ಕೋಳಿ ಸಾರು, ಮುದ್ದೆ ಅಂದರೆ ಯಾರಿಗೆ ತಾನೇ ಬಾಯಲ್ಲಿ ನೀರೂರಲ್ಲ? ಆದರೆ ಸಾಕೋರು ಕಮ್ಮಿ. ಫಾರಂ ಕೋಳಿ ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಟ್ಟರೆ ನಾಟಿ ಹ್ಯಾಟೆ ಇಡೋದು 50-60. ಬರೀ ಲೆಕ್ಕ ನೋಡಿದರೆ ನಷ್ಟದ ಬಾಬ್ತು.

ಆದರೂ ಮಂಡ್ಯ ಕಡೆಯ ನಮ್ಮ ಮನೆ ಹಿತ್ತಲಲ್ಲಿ ಒಂಬತ್ತು ಹ್ಯಾಟೆ, ಮೂರು ಹುಂಜ ಇದ್ದವು. ವಾರವಿಡೀ ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರುವ ನಾನು ಶನಿವಾರ ಊರಿಗೆ ಹೋದರೆ ಮೊದಲು ನೋಡೋದು ಅವನ್ನೇ. ಮೊಟ್ಟೆಯೂ ಬೇಕು, ಬಾಡೂ ಬೇಕು ಅನ್ನೋ ಮನೆಗೆ ಇವೇ ಸರಿ ಅನ್ನೋದು ಅಮ್ಮನ ವಾದ. ಕಾರಣ, ನಾಟಿ ಹ್ಯಾಟೆ ತಾನೇ ಕಾವಿಗೆ ಕೂರುತ್ತೆ. ಮಂಕರಿಗೆ ಹುಲ್ಲು ಹಾಸಿ ಹತ್ತು ಮೊಟ್ಟೆ ಇಟ್ಟರೆ 21 ದಿನಕ್ಕೆ ಮರಿ. ಕರೆಂಟ್ ಬೇಡ, ಮಿಷನ್ ಬೇಡ. ಹದ್ದು ಕಂಡರೆ ಮರಿಗಳನ್ನ ರೆಕ್ಕೆಯಡಿ ಸೇರಿಸಿಕೊಳ್ಳೋ ಕೆಲಸವೂ ಅದರದೇ. ಬೆಂಗಳೂರಿನಲ್ಲೇ ಅಭಿವೃದ್ಧಿಪಡಿಸಿದ ಗಿರಿರಾಜ ಬೇಗ ತೂಕ ಬರುತ್ತೆ, ಮೊಟ್ಟೆಯೂ ಜಾಸ್ತಿ. ಆದರೆ ಕಾವಿಗೆ ಕೂರೋದು ಅಪರೂಪ. ಮರಿ ಬೇಕಾದಾಗಲೆಲ್ಲ ಮತ್ತೆ ಕೊಂಡು ತರಬೇಕು.

ನಾಟಿಗೆ ಕಷ್ಟವೇ ಇಲ್ಲ ಅಂತಲ್ಲ. ಕೊಕ್ಕರೆ ರೋಗ ಹೊಕ್ಕರೆ ಕೆಲವೇ ದಿನದಲ್ಲಿ ಗೂಡು ಖಾಲಿ. ಮರಿಗೆ ಮೊದಲ ವಾರದಲ್ಲೇ ಲಸಿಕೆ ಹಾಕಬೇಕು. ಲಸಿಕೆಯ ಬಾಟಲಿ ನೂರಾರು ಕೋಳಿಗೆ ಆಗುವಷ್ಟಿರುತ್ತೆ, ಕಲಸಿದ ಮೇಲೆ ಎತ್ತಿಡೋ ಹಾಗಿಲ್ಲ. ಹಾಗಾಗಿ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಒಂದೇ ದಿನ ಹಾಕಿಸ್ತೀವಿ.

ಈ ಸಲ ಯುಗಾದಿ ಮಾರನೆಯ ದಿನ, ಹೊಸತೊಡಕಿಗೆ ಬಂದ ಚಿಕ್ಕಪ್ಪನ ಕಣ್ಣು ನಮ್ಮ ಕೆಂಪು ಹುಂಜದ ಮೇಲೆ ಬಿತ್ತು.

"ಅತ್ಗಮ್ಮ, ಇದನ್ನೇ ಕುಯ್ಯಣ. ಒಳ್ಳೆ ತೂಕ ಐತೆ."

"ಅದು ಬಿತ್ತನೆಗೆ ಕಣಪ್ಪ. ಆ ಬೂದಿ ಹುಂಜ ಹಿಡ್ಕೊ."

"ಕೋಳಿಗೂ ಬಿತ್ತನೆನಾ?"

"ರಾಗೀಲಿ ಒಳ್ಳೆ ತೆನೆ ಬೀಜಕ್ಕೆ ಎತ್ತಿಡಲ್ವಾ? ಇದೂ ಹಂಗೇಯ."

ಚಿಕ್ಕಪ್ಪನ ಮುಖ ಸಣ್ಣದಾಯ್ತು. ಬಂದ ನೆಂಟರಿಗೆ ಒಳ್ಳೇದನ್ನ ಇಲ್ಲ ಅನ್ನೋದು ಅಮ್ಮನಿಗೂ ಸುಲಭದ ಮಾತಲ್ಲ. ಆದರೆ ಹೆಚ್ಚಿನ ಮನೆಗಳಲ್ಲಿ ನಡೆಯೋದು ಉಲ್ಟಾ: ದಪ್ಪಗಿರೋ ಹುಂಜ ಮೊದಲು ಸಾರಿಗೆ, ಇಲ್ಲವೇ ಸಂತೆಗೆ. ಉಳಿದ ಬಡಕಲಿನಿಂದ ಮುಂದಿನ ಮರಿ. ನಾಲ್ಕಾರು ವರ್ಷ ಹೀಗೇ ನಡೆಸಿ ಆಮೇಲೆ "ನಾಟಿ ತಳಿನೇ ಇಷ್ಟು" ಅಂತೀವಿ. ಒಳ್ಳೇದನ್ನ ಉಳಿಸಿ, ಎರಡನೇದನ್ನ ಉಣ್ಣೋದು ಅಮ್ಮನ ನಿಯಮ. ಒಂದೇ ಹುಂಜದ ರಕ್ತ ಸುತ್ತಬಾರದು ಅಂತ ಎರಡು ವರ್ಷಕ್ಕೊಮ್ಮೆ ಬೇರೆ ಊರಿನ ಹುಂಜಕ್ಕೆ ಬದಲಾಯಿಸ್ತಾರೆ ಕೂಡ.

ಊಟಕ್ಕೆ ಕೂತ ಚಿಕ್ಕಪ್ಪ ಜಾಸ್ತಿ ಮಾತಾಡಲಿಲ್ಲ. ಹೊರಡುವಾಗ ಮಾತ್ರ ಕಾವಿಗೆ ಇಡೋಕೆ ಅಂತ ಎಂಟು ಮೊಟ್ಟೆ ಕೇಳಿ, ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದರು.