ಬೀಗರ ಮುಂದೆ ಏನಂತ ಹೇಳಬೇಕು?

ಫೆಬ್ರುವರಿ 28, 2025, ಶುಕ್ರವಾರ

ಕಾಲೇಜಿನಲ್ಲಿ ವಿಜ್ಞಾನ ದಿನದ ಕಾರ್ಯಕ್ರಮ ಮುಗಿದಾಗ ಮಧ್ಯಾಹ್ನ ಎರಡು ಗಂಟೆ. ಅತಿಥಿಗಳು ಸಿ.ವಿ. ರಾಮನ್ ಅವರ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಆದರೆ ರಾಮನ್ 1907ರಿಂದ ಹತ್ತು ವರ್ಷ ಸರ್ಕಾರದ ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು, ಕಲ್ಕತ್ತೆಯಲ್ಲಿದ್ದಾಗ ಕಚೇರಿಗೆ ಮೊದಲೂ ಆಮೇಲೂ ಪ್ರಯೋಗಾಲಯಕ್ಕೆ ಹೋಗಿ ದುಡಿಯುತ್ತಿದ್ದರು, 1917ರಲ್ಲಿ ಆ ಹುದ್ದೆ ಬಿಟ್ಟು ಕಡಿಮೆ ಸಂಬಳದ ಪ್ರಾಧ್ಯಾಪಕರಾಗಿ ಬಂದರು ಅನ್ನುವುದನ್ನು ಹೇಳಲಿಲ್ಲ. ನಮ್ಮ ಮಕ್ಕಳಿಗೆ ಅದು ಗೊತ್ತಾಗಲಿ ಅಂತ ನಾನೇ ಎದ್ದು ಹೇಳಿದೆ. ಹೇಳಿ ಕೂತ ಮೇಲೆ ಕಸಿವಿಸಿ. ರಾಮನ್ ಅವರ ಧೈರ್ಯವನ್ನು ಮೂರೆಕರೆ ಹೊಲದ ಮನೆಯ ಮಕ್ಕಳಿಂದ ಕೇಳುವುದು ನ್ಯಾಯವೇ?

ಕುರ್ಚಿ ಎತ್ತಿಡುವಾಗ ಮೆಡ್ಲೇರಿಯ ಹುಡುಗಿ ಬಂದು ನಿಂತಳು. ಕೊನೆಯ ವರ್ಷ, ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರ.

“ಮೇಡಂ, ನಮ್ಮಪ್ಪ ಬ್ಯಾಂಕ್ ಕೋಚಿಂಗ್‌ಗೆ ದಾವಣಗೆರಿಗೆ ಹೋಗು ಅನ್ನಾಕತ್ತಾನ್ರಿ.”

“ನಿನಗೇನ್ ಅನ್ನಸ್ತೈತಿ?”

“ಲ್ಯಾಬ್‌ನ್ಯಾಗ ಇರೂದು ಸೇರ್ತೈತ್ರಿ. ಆದ್ರ ಆ ಕೆಲಸ ಎಲ್ಲಿರ್ತೈತ್ರಿ?”

ಎಂ.ಎಸ್ಸಿ., ಬಿ.ಎಡ್. ಅಂದೆ. ಬಾಯಿಗೆ ಬಂದದ್ದು ಅಷ್ಟೇ. ಅವಳು ಕೇಳಿದ್ದು ಕೆಲಸ ಎಲ್ಲಿದೆ ಅಂತ, ನಾನು ಹೇಳಿದ್ದು ಇನ್ನೇನು ಓದಬೇಕು ಅಂತ. ಇಪ್ಪತ್ತೊಂದು ವರ್ಷ ಪಾಠ ಮಾಡಿದ್ದೇನೆ. ನೀರಿನ ಅಣುವಿನ ಕೋನ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ನನ್ನ ಕೈಕೆಳಗೆ ಕಲಿತವರು ಎಲ್ಲೆಲ್ಲಿ ನಿಂತು ದುಡಿಯಬಹುದು ಅನ್ನುವುದನ್ನು ಕಣ್ಣಾರೆ ನೋಡಿಲ್ಲ. ಇದು ನಾಚಿಕೆಯ ವಿಷಯ.

ಮಾರ್ಚ್ 4, ಮಂಗಳವಾರ

ಪ್ರತಿವರ್ಷ ನೀರಿನ ಗಡಸುತನದ ಪ್ರಯೋಗವನ್ನು ಕಾಲೇಜಿನ ನಲ್ಲಿ ನೀರಿನಲ್ಲೇ ಮಾಡಿಸುತ್ತಿದ್ದೆ. ಈ ಸಲ ಎಲ್ಲರೂ ಮನೆಯಿಂದ ಒಂದೊಂದು ಬಾಟ್ಲಿ ನೀರು ತನ್ನಿ ಅಂದಿದ್ದೆ.

50 ಮಿ.ಲೀ. ನೀರು, ಅಮೋನಿಯಾ ಬಫರ್, ಚಿಟಿಕೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ. ನೀರು ದ್ರಾಕ್ಷಿ ರಸದ ಕೆಂಪಾಗುತ್ತದೆ. ಬ್ಯುರೆಟ್ಟಿನಿಂದ ಇಡಿಟಿಎ ಬಿಡುತ್ತ ಹೋದಂತೆ ಕೆಂಪು ನೇರಳೆಗೆ ತಿರುಗಿ, ಕಡೆಗೆ ಒಂದೇ ಹನಿಗೆ ನೀಲಿ. ಆ ಹನಿಯನ್ನು ದಾಟಿಬಿಡುವವರೇ ಹೆಚ್ಚು. ಮೆಡ್ಲೇರಿಯವಳು ಕೊನೆಗೆ ನಲ್ಲಿಯನ್ನು ಕೂದಲೆಳೆಯಷ್ಟೇ ತಿರುಗಿಸಿ, ತುದಿಯಲ್ಲಿ ತೂಗುತ್ತಿದ್ದ ಅರೆಹನಿಯನ್ನು ಫ್ಲಾಸ್ಕಿನ ಗೋಡೆಗೆ ತಾಗಿಸಿ ನೀರಿನಿಂದ ಒಳಗೆ ತೊಳೆದಳು. ಅದನ್ನು ನಾನು ಕಲಿಸಿರಲಿಲ್ಲ. ಮೂರು ಸಲದ ಓದು: 31.2, 31.2, 31.2. ಲೀಟರಿಗೆ 624 ಮಿಲಿಗ್ರಾಂ. ಕುಡಿಯುವ ನೀರಿನ ಮಾನಕದ ಪ್ರಕಾರ 200ರೊಳಗೆ ಇರಬೇಕು, ಬೇರೆ ನೀರೇ ಇಲ್ಲದ ಕಡೆ 600ರ ತನಕ ನಡೆಯುತ್ತದೆ. ಅವರ ಬೋರಿನ ನೀರು ಅದನ್ನೂ ದಾಟಿದೆ.

“ಅದಕ್ಕ ಬ್ಯಾಳಿ ಲಗೂನ ಬೇಯೂದಿಲ್ರಿ” ಅಂದಳು.

ನೀರು ಪರೀಕ್ಷೆಯ ಲ್ಯಾಬುಗಳಲ್ಲಿ ದಿನ ಬೆಳಗಾದರೆ ಮಾಡುವುದು ಇದನ್ನೇ. ಇದರ ಜೊತೆಗೆ ಫ್ಲೋರೈಡು 1.5 ದಾಟಿದೆಯೋ, ನೈಟ್ರೇಟು 45 ದಾಟಿದೆಯೋ ನೋಡುತ್ತಾರೆ. ನಾನು ಇದನ್ನು ಇಷ್ಟು ವರ್ಷ ಹತ್ತು ಅಂಕದ ಪ್ರಶ್ನೆ ಅಂತ ಕಲಿಸುತ್ತ ಬಂದೆ.

ಮಾರ್ಚ್ 8, ಶನಿವಾರ

ಹಳೆಯ ವಿದ್ಯಾರ್ಥಿಯೊಬ್ಬ ಹಾಲಿನ ಡೈರಿಯಲ್ಲಿ ಕೆಮಿಸ್ಟ್. ಹೋಗಿ ನೋಡಿದೆ. ಗಾಜಿನ ಬ್ಯುಟಿರೋಮೀಟರಿಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್. ಮುಚ್ಚಿ ಅಲುಗಿಸಿದರೆ ಕೈ ಸುಡುವಷ್ಟು ಬಿಸಿ. ಯಂತ್ರದಲ್ಲಿ ತಿರುಗಿಸಿ ತೆಗೆದರೆ ಕಪ್ಪು ದ್ರವದ ಮೇಲೆ ಬಂಗಾರದ ಬಣ್ಣದ ಕೊಬ್ಬಿನ ಕಂಬ. ಅದರ ಗೀಟು ಓದಿ ಬರೆದುಕೊಳ್ಳುತ್ತಾನೆ. ಈಗ ಯಂತ್ರಗಳು ಬಂದಿವೆ, ಆದರೆ ಯಂತ್ರದ ಮೇಲೆ ಅನುಮಾನ ಬಂದಾಗ ಇದೇ ಆಧಾರ ಅಂದ. ಮೊದಲ ಎರಡು ವರ್ಷದ ಸಂಬಳ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತಿತ್ತಂತೆ. ಅದನ್ನು ಮಕ್ಕಳಿಂದ ಮುಚ್ಚಿಡಬಾರದು.

ಮಾರ್ಚ್ 15, ಶನಿವಾರ

ಇಂದು ಆರು ಮಕ್ಕಳನ್ನು ಕರೆದುಕೊಂಡು ರಾಣೇಬೆನ್ನೂರಿನ ಒಂದು ಬೀಜ ಪರೀಕ್ಷಾ ಲ್ಯಾಬಿಗೆ ಹೋಗಿದ್ದೆ. ಈ ಸೀಮೆಯ ಹೊಲಗಳಲ್ಲಿ ಬೆಳೆದ ಹೈಬ್ರಿಡ್ ಬೀಜ ದೇಶದ ಎಲ್ಲೆಲ್ಲಿಗೋ ಹೋಗುತ್ತದೆ. ಬಸ್ಸಿನಲ್ಲಿ ಹೋಗುವಾಗ ಬೀಜ ಕಂಪನಿಗಳ ಬೋರ್ಡುಗಳನ್ನು ದಿನವೂ ನೋಡುತ್ತೇನೆ. ಒಳಗೆ ಕಾಲಿಟ್ಟದ್ದು ಇದೇ ಮೊದಲು.

ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು. ಒಳಗೆ ತಂಪು, ಒದ್ದೆ ಕಾಗದದ ವಾಸನೆ. ಉದ್ದನೆಯ ಮೇಜಿನ ಮೇಲೆ ಒದ್ದೆ ಕಾಗದ ಹಾಸಿ ಒಬ್ಬ ಹೆಣ್ಣುಮಗಳು ಮೆಣಸಿನಕಾಯಿ ಬೀಜ ಜೋಡಿಸುತ್ತಿದ್ದಳು. ಒಂದು ಲಾಟಿನಿಂದ 400 ಬೀಜ, ನೂರರಂತೆ ನಾಲ್ಕು ಪಾಲು. ಆರಿಸಿ ತೆಗೆಯುವಂತಿಲ್ಲ, ಚೀಲದ ಮೇಲೆ ಕೆಳಗೆ ನಡುವೆ ಎಲ್ಲ ಕಡೆಯಿಂದ ಬಂದದ್ದನ್ನು ಬೆರೆಸಿ ಎಣಿಸಬೇಕು. ಕಾಗದ ಸುರುಳಿ ಸುತ್ತಿ ಕೋಣೆಯಲ್ಲಿಟ್ಟರೆ ಮೆಣಸಿನಕಾಯಿಗೆ ಹದಿನಾಲ್ಕು ದಿನ. ಆಮೇಲೆ ಬಿಚ್ಚಿ ಎಣಿಸುತ್ತಾರೆ. ಪ್ರಮಾಣಿತ ಬೀಜ ಅನ್ನಿಸಿಕೊಳ್ಳಲು ಮೆಣಸಿನಕಾಯಿ ನೂರಕ್ಕೆ 60 ಮೊಳೆಯಬೇಕು, ಟೊಮೇಟೊ 70, ಭತ್ತ 80.

ಎಣಿಕೆ ಅಂದರೆ ಬರೀ ಎಣಿಕೆ ಅಂದುಕೊಂಡಿದ್ದೆ. ಆಕೆ ಒಂದು ಸುರುಳಿ ಬಿಚ್ಚಿ ತೋರಿಸಿದಳು. ಮೊಳೆತದ್ದೆಲ್ಲ ಲೆಕ್ಕಕ್ಕಿಲ್ಲ. ಬೇರು ಮೊಂಡಾದದ್ದು, ದಂಟು ಗಾಜಿನಂತೆ ಪಾರದರ್ಶಕವಾದದ್ದು, ಸಿಪ್ಪೆಯೊಳಗೇ ಕೊಳೆತದ್ದು ಹೊರಗೆ. ಸಸಿಯಾಗಿ ನಿಲ್ಲುವ ಲಕ್ಷಣ ಇದ್ದದ್ದು ಮಾತ್ರ ಒಳಗೆ. ಇಕ್ಕಳದಿಂದ ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು, ಎಡಕ್ಕೋ ಬಲಕ್ಕೋ ಇಡುತ್ತಾಳೆ. ಆ ಕಣ್ಣಿನ ತೀರ್ಪಿನ ಮೇಲೆ ಒಂದು ಕುಟುಂಬದ ಆರು ತಿಂಗಳ ದುಡಿಮೆ ನಿಂತಿರುತ್ತದೆ.

ತಳಿಶುದ್ಧತೆಗೆ ಬೇರೆ ಪರೀಕ್ಷೆ, ಗ್ರೋ ಔಟ್. ಬೀಜವನ್ನು ಹೊಲದಲ್ಲಿ ಬಿತ್ತಿ ಗಿಡ ನೋಡುವುದು. ಈಗ ಎಲೆಯ ಡಿಎನ್ಎ ತೆಗೆದೂ ನೋಡುತ್ತಾರೆ, ಅದಕ್ಕೆ ಬಯೋಟೆಕ್ನಾಲಜಿ ಓದಿದವರು ಬೇಕು. ಸಂಜೆ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುವ ಚಿತ್ರವನ್ನು ಅಲ್ಲಿನ ಗೋಡೆಗೆ ಹಾಕಿದ್ದರು. ಮೆಡ್ಲೇರಿಯವಳು ಅದರ ಮುಂದೆ ನಿಂತು, “ಇದನ್ನ ನಾ ನಾಕನೇತ್ತಿ ಇದ್ದಾಗಿಂದ ಮಾಡೇನ್ರಿ, ಕ್ರಾಸಿಂಗ್” ಅಂದಳು. ನಾಲ್ಕನೇ ತರಗತಿ. ಖುಷಿಪಡಲೋ ಮರುಗಲೋ ತಿಳಿಯಲಿಲ್ಲ. ಅವಳ ಕೈಗೆ ಆ ಚಳಕ ಎಲ್ಲಿಂದ ಬಂತು ಅನ್ನುವುದು ಮಾತ್ರ ತಿಳಿಯಿತು.

ಅಧಿಕೃತ ಬೀಜ ವಿಶ್ಲೇಷಕರಾಗಲು ಕೃಷಿ ಪದವಿಯೇ ಬೇಕು ಅಂತ ನಾನು ತಿಳಿದಿದ್ದೆ. 1968ರ ಬೀಜ ನಿಯಮಗಳು ಸಸ್ಯಶಾಸ್ತ್ರದ ಪದವಿಗೂ ಬಾಗಿಲು ತೆರೆದಿವೆ, ಬೀಜ ತಂತ್ರಜ್ಞಾನದಲ್ಲಿ ಮೂರು ವರ್ಷದ ಅನುಭವ ಇರಬೇಕು. ಲ್ಯಾಬಿನವರು ಹೇಳಿದ ಮೇಲೆ ಮನೆಗೆ ಬಂದು ಓದಿ ಖಾತ್ರಿ ಮಾಡಿಕೊಂಡೆ.

ಮಾರ್ಚ್ 20, ಗುರುವಾರ

ರಾತ್ರಿ ಬೆಂಗಳೂರಿನಿಂದ ಹಳೆಯ ವಿದ್ಯಾರ್ಥಿನಿಯ ಫೋನು. ಪೇಟೆಂಟ್ ಕೆಲಸದಲ್ಲಿದ್ದಾಳೆ. ಯಾರೋ ಹೊಸತು ಅಂದದ್ದು ನಿಜಕ್ಕೂ ಹೊಸತೇ ಅಂತ ಹಳೆಯ ಕಾಗದಪತ್ರಗಳಲ್ಲಿ ಹುಡುಕುವುದು ಅವಳ ಕೆಲಸ. ಅರಿಶಿನದಿಂದ ಗಾಯ ಮಾಯುತ್ತದೆ ಅನ್ನುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟು, ನಮ್ಮ ಸಿ.ಎಸ್.ಐ.ಆರ್. ಹಳೆಯ ಗ್ರಂಥ, ಲೇಖನಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದು ಮಾಡಿಸಿದ್ದು ನನಗೂ ಗೊತ್ತಿತ್ತು. ಅಂಥ ಹುಡುಕಾಟವೂ ಒಂದು ಉದ್ಯೋಗ ಅನ್ನುವುದು ಹೊಳೆದಿರಲಿಲ್ಲ. ಪೇಟೆಂಟ್ ಏಜೆಂಟ್ ಪರೀಕ್ಷೆಗೆ ವಿಜ್ಞಾನದ ಪದವಿ, 21 ವರ್ಷ ವಯಸ್ಸು ಇದ್ದರೆ ಕೂರಬಹುದು, ಕಾನೂನು ಪದವಿ ಬೇಕಿಲ್ಲ. ಇಂಗ್ಲಿಷ್ ಹೇಗೆ ನಿಭಾಯಿಸಿದೆ ಅಂತ ಕೇಳಿದೆ. ಮೊದಲ ವರ್ಷ ದಿನಕ್ಕೊಂದು ಪೇಟೆಂಟ್ ಕೈಯಲ್ಲಿ ನಕಲು ಮಾಡುತ್ತಿದ್ದಳಂತೆ.

ಮಲಗುವಾಗ 1999ರ ನೆನಪು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಒಂದು ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗಕ್ಕೆ ಸಂದರ್ಶನಕ್ಕೆ ಹೋಗಿದ್ದೆ. ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರಿಸಿದ್ದೆ. ಕೊನೆಗೆ ಕೇಳಿದ್ದು ಎರಡೇ ಮಾತು: ರಾತ್ರಿ ಪಾಳಿಗೆ ಬರುತ್ತೀಯಾ, ಮದುವೆ ಯಾವಾಗ. ಮೊದಲನೆಯದಕ್ಕೆ ಹೂಂ ಅಂದೆ, ಎರಡನೆಯದಕ್ಕೆ ಉತ್ತರ ಇರಲಿಲ್ಲ. ಪತ್ರ ಬರಲಿಲ್ಲ. ಪಾಠ ಮಾಡುವುದನ್ನು ನಾನು ಪ್ರೀತಿಸುತ್ತೇನೆ, ಆದರೂ ಆ ಬಾಗಿಲು ಮುಚ್ಚಿದ ಸದ್ದು ಇನ್ನೂ ಕಿವಿಯಲ್ಲಿದೆ. ಇಷ್ಟು ವರ್ಷ ಮಕ್ಕಳಿಗೆ ಆ ದಿಕ್ಕನ್ನೇ ತೋರಿಸದೆ ಇದ್ದದ್ದು ಅದಕ್ಕೇ ಇರಬೇಕು.

ಮಾರ್ಚ್ 26, ಬುಧವಾರ

ಲ್ಯಾಬಿನ ಗೋಡೆಗೆ ಖಾಕಿ ಕಾಗದ ಅಂಟಿಸಿ ಗೊತ್ತಾದದ್ದನ್ನೆಲ್ಲ ಬರೆದೆವು. ಸಕ್ಕರೆ ಕಾರ್ಖಾನೆಯ ಕೆಮಿಸ್ಟ್ ಆಗಬೇಕಾದರೆ ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ. ಆಹಾರ ತಂತ್ರಜ್ಞಾನದ ಎಂ.ಎಸ್ಸಿ.ಗೆ ಮೈಸೂರಿನ ಸಿ.ಎಫ್.ಟಿ.ಆರ್.ಐ. ಕಾಫಿಯ ರುಚಿ, ಗುಣ ಅಳೆಯುವುದನ್ನು ಕಲಿಸುವ ಕಾಫಿ ಬೋರ್ಡಿನ ಒಂದು ವರ್ಷದ ಡಿಪ್ಲೊಮಾ. ಅಪರಾಧ ಪತ್ತೆಯ ವಿಜ್ಞಾನಕ್ಕೆ ಧಾರವಾಡದಲ್ಲೇ ರಾಷ್ಟ್ರೀಯ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ. ಭೌತಶಾಸ್ತ್ರದವರಿಗೆ ಹವಾಮಾನ ಇಲಾಖೆಯ ವೈಜ್ಞಾನಿಕ ಸಹಾಯಕ ಹುದ್ದೆ, ಅದನ್ನು ಪ್ರತಿವರ್ಷ ಕರೆಯುವುದಿಲ್ಲ. ಸಂಶೋಧನೆಗೆ ಹೋಗುವವರಿಗೆ ಮೊದಲು ಎಂ.ಎಸ್ಸಿ. ಪ್ರವೇಶಕ್ಕೆ ಜ್ಯಾಮ್ ಪರೀಕ್ಷೆ, ಆಮೇಲೆ ನೆಟ್ ಪರೀಕ್ಷೆ. ಅದರಲ್ಲಿ ಜೆ.ಆರ್.ಎಫ್. ಅನ್ನುವ ಸಂಶೋಧನಾ ವೇತನ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಈ ಮೊತ್ತ ಬರೆದಾಗ ಕೋಣೆ ನಿಶ್ಶಬ್ದವಾಯಿತು.

ಹಲಗೇರಿಯ ಹುಡುಗ ಬರೆಯುವುದರಲ್ಲಿ ಗಟ್ಟಿಗ. ವಿಜ್ಞಾನವನ್ನು ಕನ್ನಡದಲ್ಲಿ ಬರೆದರೆ ಹೊಟ್ಟೆ ತುಂಬುತ್ತದಾ ಅಂತ ಕೇಳಿದ. ಅದೊಂದರಿಂದಲೇ ಕಷ್ಟ ಅಂದೆ. ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದುಕೊಂಡೇ ‘ಹಸುರು ಹೊನ್ನು’ ಬರೆದರು, 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕ ಅವನ ಕೈಗೆ ಕೊಟ್ಟೆ.

ಮಾರ್ಚ್ 31, ಸೋಮವಾರ

ರಂಜಾನ್ ರಜೆ. ಮೆಡ್ಲೇರಿಯವಳು ಅಪ್ಪನ ಜೊತೆ ಮನೆಗೆ ಬಂದಳು. ಯುಗಾದಿಯ ಹೋಳಿಗೆ ಡಬ್ಬಿಯಲ್ಲಿತ್ತು. ಅವರು ಕುರ್ಚಿಯ ತುದಿಯಲ್ಲಿ ಕೂತು ಬಹಳ ಹೊತ್ತು ಮಾತಾಡಲಿಲ್ಲ.

“ಅಕ್ಕಾರ, ಡಾಕ್ಟ್ರು ಅಂದ್ರ ತಿಳೀತೈತಿ, ಇಂಜಿನಿಯರ್ ಅಂದ್ರ ತಿಳೀತೈತಿ, ಬ್ಯಾಂಕ್‌ನ್ಯಾಗ ಅದಾಳ ಅಂದ್ರೂ ತಿಳೀತೈತಿ. ಇದಕ್ಕ ಬೀಗರ ಮುಂದ ಏನಂತ ಹೇಳ್ಬೇಕ್ರಿ?”

ನಾನು ಇಷ್ಟು ದಿನ ಕೆಲಸ ಎಲ್ಲಿದೆ ಅಂತ ಹುಡುಕಿದೆ. ಅವರಿಗೆ ಬೇಕಾದದ್ದು ಊರಿನ ಬಾಯಲ್ಲಿ ನಿಲ್ಲುವ ಒಂದು ಹೆಸರು. ಬೀಜ ವಿಶ್ಲೇಷಕಿ ಅಂದರೆ ಯಾರಿಗೆ ಅರ್ಥವಾದೀತು? ಬೀಜದ ಲ್ಯಾಬ್ ಅಂದೆ. ಅವರ ಮುಖ ಬಿಗಿಯಿತು. ಎರಡು ವರ್ಷದ ಹಿಂದೆ ಅವರು ಕಂಪನಿಗೆ ಬೆಳೆದುಕೊಟ್ಟ ಟೊಮೇಟೊ ಬೀಜದ ಲಾಟ್ ಪರೀಕ್ಷೆಯಲ್ಲಿ ಫೇಲಾಗಿ ದುಡ್ಡು ಬಂದಿರಲಿಲ್ಲ.

“ಯಾಕ್ ಫೇಲ್ ಆತು ಅಂತ ಒಬ್ರೂ ಬಾಯಿ ಬಿಡಲಿಲ್ರಿ.”

ಮಗಳು ಮೆಲ್ಲಗೆ ಅಂದಳು: “ಮೊಗ್ಗಿ ತಗಿಯೂದು ತಡಾ ಆದ್ರ ಹೂವು ತನ್ನಷ್ಟಕ್ಕ ತಾನ ಕಟ್ಟಿರ್ತೈತಪ್ಪಾ. ಆ ಬೀಜ ಬಿತ್ತಿ ನೋಡಿದ್ರ ಗಿಡ ಬ್ಯಾರೆನ ಬರ್ತಾವು. ಆವಾಗ ಅವ್ವಗ ಜ್ವರ ಬಂದಿತ್ತಲ್ಲ, ನಾಕ್ ದಿನ ಆಳ ಕಡಿಮಿ ಇದ್ರು.”

ಅವರು ಮಗಳನ್ನೇ ನೋಡುತ್ತ ಕೂತರು. ಹೋಗುವಾಗ ಬಾಗಿಲಲ್ಲಿ ನಿಂತು, ಮನೆಯಲ್ಲಿ ಮಣ್ಣಿನ ಗಡಿಗೆಯಲ್ಲಿಟ್ಟ ಬ್ಯಾಡಗಿ ಕಡ್ಡಿ ಮೆಣಸಿನಕಾಯಿ ಬೀಜ ಇದೆ, ಈ ಸಲ ಅದನ್ನೇ ಮಡಿಗೆ ಹಾಕುವುದಿದೆ, ನೋಡಿ ಹೇಳಲು ಬರುತ್ತದಾ ಅಂತ ಕೇಳಿದರು. ಕೇಳಿದ್ದು ನನ್ನನ್ನಲ್ಲ, ಅವಳನ್ನು.

ಏಪ್ರಿಲ್ 15, ಮಂಗಳವಾರ

ಗಡಿಗೆಯ ಬೀಜವನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು ಇಂದಿಗೆ ಹದಿನಾಲ್ಕನೆಯ ದಿನ. ಬಿಸಿಲಿಗೆ ಹೆದರಿ ಸುರುಳಿಗಳನ್ನು ಲ್ಯಾಬಿನ ಮೂಲೆಯಲ್ಲಿ ನೀರಿನ ಹರವಿಯ ಪಕ್ಕ ಇಟ್ಟಿದ್ದೆವು. ಮೆಡ್ಲೇರಿಯವಳು ಬೆಳಿಗ್ಗೆ ಎಂಟಕ್ಕೇ ಬಂದಿದ್ದಳು. ಒಂದೊಂದನ್ನೇ ಬಿಚ್ಚಿ ಇಕ್ಕಳದಿಂದ ಎತ್ತಿ ಇಟ್ಟಳು. ಮೊದಲ ಪಾಲು 58, ಎರಡನೆಯದು 63, ಮೂರನೆಯದು 55. ನಾಲ್ಕನೆಯದರಲ್ಲಿ 60 ಆದ ಮೇಲೆ ನಾಲ್ಕು ಅನುಮಾನದ ಸಸಿಗಳು ಉಳಿದವು. ಬೇರು ಇತ್ತು, ಮೊಂಡಾಗಿತ್ತು. ಅವನ್ನು ಲೆಕ್ಕಕ್ಕೆ ಹಿಡಿದರೆ 400ಕ್ಕೆ 240, ನೂರಕ್ಕೆ ಸರಿಯಾಗಿ 60. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ, ಏನೂ ಹೇಳಲಿಲ್ಲ. ಅವಳು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದನ್ನೂ ತಿರುಗಿಸಿ ನೋಡಿ, ಎಡಗಡೆಯ ತಟ್ಟೆಗೆ ಹಾಕಿದಳು. ವಹಿಯಲ್ಲಿ 59 ಅಂತ ಬರೆದಳು.

ಆಮೇಲೆ ವರಾಂಡಕ್ಕೆ ಹೋಗಿ ಫೋನು ಹಚ್ಚಿದಳು.

“ಅಪ್ಪಾ, ನೂರಕ್ಕ ಐವತ್ತೊಂಬತ್ತು. ಬೀಜ ಹಳೇದಾಗೇತಿ. ಮಡಿಗೆ ಸ್ವಲ್ಪ ದಟ್ಟ ಹಾಕ್ಬೇಕು. ಎಷ್ಟು ಅಂತ ಸಂಜಿಗೆ ಬಂದು ಲೆಕ್ಕ ಮಾಡಿ ಹೇಳ್ತೀನಿ.”